ಶಾಕ್ ಟೈಟ್ ಮಾಡಿದ್ರೆ ಕ್ವಾಡ್ ಫಾಸ್ಟ್ ಆಗಲ್ಲ

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಕಡೆ ಎಟಿವಿ ಈಗ ಹೊಸದೇನಲ್ಲ. ಹೋಂಸ್ಟೇಗಳಲ್ಲಿ ಪ್ರವಾಸಿಗರನ್ನು ಸುತ್ತಾಡಿಸ್ತಾವೆ, ಕೆಲವರ ತೋಟದಲ್ಲಿ ಸ್ಪೋರ್ಟ್ ಕ್ವಾಡ್‌ಗಳೂ ಓಡಾಡ್ತಾವೆ. ಗಾಡಿ ಬಂದ ಕೂಡಲೇ ಸ್ನೇಹಿತರು ಕೊಡುವ ಸಲಹೆ ಒಂದೇ: "ಶಾಕ್ ಟೈಟ್ ಮಾಡ್ಸು, ಸ್ಪೀಡ್ ಸಿಗುತ್ತೆ." ಈ ಸಲಹೆ ತಪ್ಪು ಅಂತ ನನ್ನ ಅಭಿಪ್ರಾಯ. ತೋಟದ ದಾರಿಯಲ್ಲಿ ಕಲ್ಲು, ಬೇರು, ಅಡ್ಡ ಚರಂಡಿ ಇದ್ದೇ ಇರುತ್ತೆ. ಅಲ್ಲಿ ವೇಗ ಬರೋದು ಚಕ್ರ ನೆಲ ಬಿಡದೆ ಇದ್ದಾಗ. ಬಿಗಿಯಾದ ಶಾಕ್ ಚಕ್ರವನ್ನು ನೆಲದಿಂದ ಎಗರಿಸುತ್ತೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ಮೊದಲು ಟೈರ್ ನೋಡಿ. ಹೆಚ್ಚಿನ ಸ್ಪೋರ್ಟ್ ಕ್ವಾಡ್‌ಗಳಿಗೆ 4ರಿಂದ 6 ಪಿಎಸ್‌ಐ ಗಾಳಿ ಸಾಕು, ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ್ದೇ ಅಂತಿಮ. ಪೆಟ್ರೋಲ್ ಬಂಕಿನ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸಲ್ಲ, ಕಡಿಮೆ ಒತ್ತಡದ ಗೇಜ್ ಬೇರೆ ತಗೊಳ್ಳಿ. ಎಡ ಬಲ ಟೈರಿನಲ್ಲಿ ಗಾಳಿ ಒಂದೇ ಸಮ ಇರಲಿ, ಇಲ್ಲದಿದ್ರೆ ಗಾಡಿ ಒಂದು ಕಡೆ ಎಳೆಯುತ್ತೆ.

ಆಮೇಲೆ ಸ್ಯಾಗ್. ಅಂದ್ರೆ ನೀವು ಕೂತಾಗ ಗಾಡಿ ಎಷ್ಟು ಕುಸಿಯುತ್ತೆ ಅನ್ನೋ ಲೆಕ್ಕ. ಜಾಕ್ ಕೊಟ್ಟು ಚಕ್ರ ಎತ್ತಿ ಅಳೆಯಿರಿ, ನಂತರ ಹೆಲ್ಮೆಟ್, ಬೂಟು ಹಾಕಿ ಕೂತು ಅಳೆಯಿರಿ. ವ್ಯತ್ಯಾಸ, ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ದೂರದ ಸುಮಾರು ಮೂರನೇ ಒಂದು ಭಾಗ ಇರಬೇಕು. ಯಮಹಾ ರ‍್ಯಾಪ್ಟರ್ 700ಆರ್‌ನಲ್ಲಿ ಹಿಂದಿನ ಆಟ ಸುಮಾರು 256 ಮಿ.ಮೀ., ಹಾಗಾಗಿ 85 ಮಿ.ಮೀ. ಆಸುಪಾಸು ಕುಸಿದ್ರೆ ಸರಿ. ಜಾಸ್ತಿ ಕುಸಿದ್ರೆ ಪ್ರೀಲೋಡ್ ಏರಿಸಿ, ಕಡಿಮೆ ಕುಸಿದ್ರೆ ಇಳಿಸಿ. ಸ್ಯಾಗ್ ನೋಡದೆ ಕ್ಲಿಕ್ಕರ್ ತಿರುಗಿಸೋದು, ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿದ ಹಾಗೆ.

ಶಾಕ್ ಒಳಗೆ ಎಣ್ಣೆ ಸಣ್ಣ ರಂಧ್ರಗಳಲ್ಲಿ ಹಾದು ಹೋಗುತ್ತೆ, ಸ್ಪ್ರೇಯರ್ ನಾಝಲ್ ಇದ್ದ ಹಾಗೆ. ಕಂಪ್ರೆಷನ್ ಅಂದ್ರೆ ಒತ್ತುವಾಗಿನ ತಡೆ, ರಿಬೌಂಡ್ ಅಂದ್ರೆ ವಾಪಸ್ ಬರುವಾಗಿನ ತಡೆ. ಉಬ್ಬು ದಾಟಿದ ಮೇಲೆ ಹಿಂಭಾಗ ಒದ್ದಂತೆ ಎಗರಿದ್ರೆ ರಿಬೌಂಡ್ ತಡೆ ಹೆಚ್ಚಿಸಿ. ಸಾಲು ಸಾಲು ಉಬ್ಬಿನಲ್ಲಿ ಗಾಡಿ ಕುಸಿಯುತ್ತಾ ಗಟ್ಟಿಯಾಗ್ತಿದ್ರೆ ಕಡಿಮೆ ಮಾಡಿ. ಹಾರಿ ಇಳಿದಾಗ ಧಡ್ ಅಂತ ತಳ ಬಡಿದ್ರೆ ಕಂಪ್ರೆಷನ್ ಏರಿಸಿ, ಸಣ್ಣ ಕಲ್ಲಿಗೂ ಕೈ ನಡುಗಿದ್ರೆ ಇಳಿಸಿ. ಈಗಿನ ಕ್ಲಿಕ್ ಎಷ್ಟು ಅಂತ ಮೊದಲೇ ಎಣಿಸಿ ಫೋನಿನಲ್ಲಿ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ 2 ಕ್ಲಿಕ್ ಮಾತ್ರ. ಅದೇ ದಾರಿಯಲ್ಲಿ ಸ್ನೇಹಿತರ ಕೈಲಿ ಸ್ಲೋಮೋಷನ್ ವಿಡಿಯೊ ಮಾಡಿಸಿ, ಚಕ್ರ ಏನು ಮಾಡ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತೆ.

ಇಷ್ಟಾದ ಮೇಲೂ ಅರ್ಧ ಸಸ್ಪೆನ್ಷನ್ ನಿಮ್ಮ ಮೈಯೇ. ಈ ಗಾಡಿಗಳ ಹಿಂದಿನ ಎರಡು ಚಕ್ರ ಒಂದೇ ಆ್ಯಕ್ಸಲ್‌ಗೆ ಕೂಡಿಕೊಂಡಿರೋದ್ರಿಂದ ತಾವಾಗಿ ಸುಲಭಕ್ಕೆ ತಿರುಗಲ್ಲ. ಮೈಯನ್ನು ತಿರುವಿನ ಒಳಕ್ಕೆ ಬಾಗಿಸಿ, ಹೊರಗಿನ ಫುಟ್‌ಪೆಗ್ ಒತ್ತಿ. ಉಬ್ಬಿನಲ್ಲಿ ಸೀಟು ಬಿಟ್ಟು ಮೊಣಕಾಲು ಸಡಿಲ ಇಡಿ.

ಕೊನೆಗೆ ಒಂದು ಕಟ್ಟುನಿಟ್ಟಿನ ಮಾತು. ಸ್ಪೋರ್ಟ್ ಕ್ವಾಡ್ ತೋಟದ ಕೆಲಸದ ಗಾಡಿ ಅಲ್ಲ. 16 ಲೀಟರಿನ ಸ್ಪ್ರೇಯರ್ ಹಿಂದೆ ಕಟ್ಟಿದ್ರೆ, ಇನ್ನೊಬ್ಬರನ್ನ ಕೂರಿಸಿದ್ರೆ, ನೀವು ಅಳೆದ ಸ್ಯಾಗ್ ಎಲ್ಲಾ ಲೆಕ್ಕಕ್ಕಿಲ್ಲ, ಇಳಿಜಾರಲ್ಲಿ ಗಾಡಿ ಮಗುಚೋದು ಸುಲಭ. ಕೆಲಸಕ್ಕೆ ಅಂತಲೇ ಮಾಡಿದ ಕ್ವಾಡ್‌ಗಳೂ ರೈತರನ್ನು ಬಲಿ ತಗೊಂಡಿವೆ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ, ಮಗುಚಿದಾಗ ಸವಾರನನ್ನು ಕಾಪಾಡುವ ಸಾಧನ ಇಲ್ಲದ ಹೊಸ ಕೆಲಸದ ಕ್ವಾಡ್ ಮಾರುವ ಹಾಗಿಲ್ಲ. ನಮ್ಮಲ್ಲಿ ಆ ಎಚ್ಚರ ನಮ್ಮ ತಲೆಯಲ್ಲೇ ಇರಬೇಕು. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸಬೇಡಿ, ದೊಡ್ಡವರ ಕ್ವಾಡನ್ನು ಮಕ್ಕಳ ಕೈಗೆ ಕೊಡಬೇಡಿ.

ಎಕ್ಸಾಸ್ಟ್‌ಗೆ ದುಡ್ಡು ಸುರಿಯೋ ಮೊದಲು ಈ ಭಾನುವಾರ ಒಂದು ಟೇಪು, ಒಂದು ಗೇಜು ಹಿಡ್ಕೊಂಡು ಕೂತ್ಕೊಳ್ಳಿ. ಎರಡು ಗಂಟೆ ಸಾಕು. ವೇಗ ಆಮೇಲೆ ತಾನಾಗೇ ಬರುತ್ತೆ, ನಿಮ್ಮ ಹಿಡಿತದಲ್ಲೂ ಇರುತ್ತೆ.