ಕೇಳುಗರು ಕೇಳಿದ್ದು ಸಾಕು

ನನ್ನ ಕಾಕಾ ಮೂಡಲಗಿಯ ಚಹಾದಂಗಡಿಯೊಂದರ ಕಾಯಂ ಗಿರಾಕಿ. ಜಾತ್ರೆಯ ಜಂಗಿ ನಿಕಾಲಿ ಕುಸ್ತಿ ಮುಗಿದು ವಾರ ಕಳೆದರೂ ಅವರ ಪಾಲಿಗೆ ಅದು ಮುಗಿದಿರುವುದಿಲ್ಲ. ‘ಬೆನ್ನ ಎಲ್ಲಿ ನೆಲಕ್ಕ ಹತ್ತೇತಿ, ತೋರಸ್ ನೋಡೂಣು’ ಎಂದು ಎದುರಿಗೆ ಕೂತವನನ್ನು ಬಿಡದೆ ಕೇಳುತ್ತಾರೆ. ಪಂಚರ ತೀರ್ಪು, ಪೈಲ್ವಾನನ ಹಿಡಿತ, ಜೋಡಿ ಹಚ್ಚಿದವರ ಪಕ್ಷಪಾತ, ಒಂದೊಂದಕ್ಕೂ ಅವರ ಹತ್ತಿರ ಪುರಾವೆ ಇರುತ್ತದೆ. ಇದೇ ಕಾಕಾ ಒಮ್ಮೆ ರೇಡಿಯೊಕ್ಕೆ ಫೋನು ಹಚ್ಚಿದರು. ಲೈನು ಸಿಕ್ಕ ಕೂಡಲೇ ಎದ್ದು ನಿಂತರು. ‘ನಮಸ್ಕಾರ, ನಾನು ಮೂಡಲಗಿಯಿಂದ ಮಾತನಾಡುತ್ತಿದ್ದೇನೆ’ ಎಂದರು. ಆ ಕನ್ನಡವನ್ನು ಅವರ ಬಾಯಲ್ಲಿ ನಮ್ಮ ಮನೆಯವರು ಅಲ್ಲಿಯತನಕ ಕೇಳಿರಲಿಲ್ಲ. ಹೆಸರು, ಊರು, ಉದ್ಯೋಗ, ಬೇಕಾದ ಹಾಡು, ಅದು ಯಾರ್ಯಾರಿಗೆ. ಒಂದು ನಿಮಿಷದಲ್ಲಿ ಮುಗಿಯಿತು. ಎಲ್ಲರೂ ಖುಷಿಪಟ್ಟೆವು. ಈಗ ನನಗೆ ಆ ಖುಷಿಯ ಮೇಲೇ ಸಿಟ್ಟು ಬರುತ್ತದೆ.

ನಾನು ಧಾರವಾಡ ಆಕಾಶವಾಣಿ ಕೇಳಿ ಬೆಳೆದವನು. 1950ರ ಜನವರಿ 8ರಂದು ಶುರುವಾದ ಆ ಕೇಂದ್ರದ ಋಣ ಉತ್ತರ ಕರ್ನಾಟಕದ ಮೇಲೆ ದೊಡ್ಡದು. ಆದರೆ ನಮ್ಮ ಬಾನುಲಿಗಳ ಫೋನ್‌-ಇನ್ ಎಂಬುದರ ರಚನೆಯನ್ನು ಸ್ವಲ್ಪ ಗಮನಿಸಿ. ರೈತ ಫೋನು ಮಾಡಿ ಕಬ್ಬಿನ ರೋಗಕ್ಕೆ ಔಷಧ ಕೇಳುತ್ತಾನೆ, ವಿಜ್ಞಾನಿ ಹೇಳುತ್ತಾರೆ. ರೋಗಿ ಮಂಡಿನೋವಿಗೆ ಪರಿಹಾರ ಕೇಳುತ್ತಾನೆ, ವೈದ್ಯರು ಹೇಳುತ್ತಾರೆ. ಉಳಿದವರು ಚಿತ್ರಗೀತೆ ಕೇಳುತ್ತಾರೆ. ಇವೆಲ್ಲ ಬೇಕಾದವೇ, ಕಬ್ಬು ಉಳಿದರೆ ಯಾರಿಗೆ ಬೇಸರ? ಆದರೆ ನಮ್ಮ ಕೇಳುಗನಿಗೆ ‘ಕೇಳುವುದು’ ಮಾತ್ರ ಗೊತ್ತಿದ್ದರೆ ಸಾಕು ಎಂಬ ತಿಳಿವಳಿಕೆ ಇದರ ಅಡಿಯಲ್ಲಿದೆ. ಕಿವಿಯಿಂದ ಕೇಳಬೇಕು, ಬಾಯಿಂದಲೂ ಕೇಳಬೇಕು. ಅವನು ಹೇಳುವವನಾಗುವುದು ಯಾವಾಗ?

ಬಿಬಿಸಿಯಲ್ಲಿ ‘606’ ಎಂಬ ಕಾರ್ಯಕ್ರಮವಿದೆ. ಶನಿವಾರದ ಫುಟ್ಬಾಲ್ ಪಂದ್ಯಗಳು ಮುಗಿದ ಮೇಲೆ ಸಂಜೆ 6 ಗಂಟೆ 6 ನಿಮಿಷಕ್ಕೆ ಶುರುವಾಗುತ್ತಿತ್ತು, ಹೆಸರು ಅಲ್ಲಿಂದಲೇ ಬಂತು. 1991ರಿಂದ ನಡೆಯುತ್ತಿದೆ. ಮೈದಾನದಿಂದ ಮನೆಗೆ ಹೊರಟ ಅಭಿಮಾನಿ ದಾರಿಯಿಂದಲೇ ಫೋನು ಮಾಡುತ್ತಾನೆ. ಹಾಡು ಕೇಳಲಿಕ್ಕಲ್ಲ. ರೆಫರಿ ತಪ್ಪಿದ, ತರಬೇತುದಾರನಿಗೆ ಬುದ್ಧಿಯಿಲ್ಲ, ಮಾಲೀಕ ಕ್ಲಬ್ಬನ್ನು ಮುಳುಗಿಸುತ್ತಿದ್ದಾನೆ ಎಂದು ವಾದಿಸಲಿಕ್ಕೆ. ನಿರೂಪಕ ತಿರುಗಿ ವಾದಿಸುತ್ತಾನೆ. ಬರೀ ಬಾಯಿಬಡುಕರ ಸಂತೆ ಎಂದು ಅದನ್ನು ಹೀಗಳೆಯುವವರು ಅಲ್ಲೂ ಇದ್ದಾರೆ. ಒಂದು ಪಂದ್ಯ ಸೋತರೆ ತರಬೇತುದಾರನನ್ನು ಕಿತ್ತುಹಾಕಿ ಎನ್ನುವವರ ಕೂಗು ಕೇಳಿದರೆ ಹೀಗಳೆಯುವವರು ಪೂರ್ತಿ ಸುಳ್ಳಲ್ಲ ಅನ್ನಿಸುತ್ತದೆ.

ಆದರೂ ಅದು ಹುಟ್ಟಿದ ಕಾಲವನ್ನು ನೆನೆಯಬೇಕು. ಅದಕ್ಕೆ ಎರಡು ವರ್ಷ ಮೊದಲು, 1989ರ ಏಪ್ರಿಲ್‌ನಲ್ಲಿ, ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದ ಕಾಲ್ತುಳಿತದಲ್ಲಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಇಂದಿನ ಲೆಕ್ಕಕ್ಕೆ 97 ಜನ. ಪೊಲೀಸರೂ ‘ದಿ ಸನ್’ ಪತ್ರಿಕೆಯೂ ತಪ್ಪನ್ನು ಅಭಿಮಾನಿಗಳ ತಲೆಗೇ ಕಟ್ಟಿದವು. ಅವರ ತಪ್ಪಿಲ್ಲ ಎಂದು ನ್ಯಾಯಮಂಡಳಿ ಹೇಳಲು 2016 ಬರಬೇಕಾಯಿತು. ಅಭಿಮಾನಿಯೆಂದರೆ ಪುಂಡ ಎನ್ನುತ್ತಿದ್ದ ದೇಶದಲ್ಲಿ, ಸಾರ್ವಜನಿಕ ರೇಡಿಯೊ ಅವನಿಗೆ ಮೈಕು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಆ ಕಾರ್ಯಕ್ರಮ ನಡೆಸುತ್ತಿದ್ದ ಮಾಜಿ ಮಂತ್ರಿ ಡೇವಿಡ್ ಮೆಲ್ಲರ್ ಅವರನ್ನೇ 1997ರಲ್ಲಿ, ಅದೂ ಎದುರು ಪಕ್ಷದ ಸರ್ಕಾರ, ಫುಟ್ಬಾಲ್ ಕಾರ್ಯಪಡೆಯ ಮುಖ್ಯಸ್ಥರನ್ನಾಗಿ ಮಾಡಿತು.

ಫುಟ್ಬಾಲ್ ನಮ್ಮದಲ್ಲವಲ್ಲ ಎನ್ನುತ್ತೀರಿ. 2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ, ಕೇರಳದವರು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತು, ಆಮೇಲೆ 4 ಕೋಟಿ ರೂಪಾಯಿ ದಂಡ ಬಿತ್ತು. ನಮ್ಮ ಹಾಸ್ಟೆಲಿನಲ್ಲಿ ಆ ಗೋಲು ಚಾಣಾಕ್ಷತನವೋ ಮೋಸವೋ ಎಂದು ಮೂರು ದಿನ ಜಗಳವಾಯಿತು. ಮರುದಿನ ಸಂಜೆ ನಾನು ರೇಡಿಯೊ ಹಚ್ಚಿದಾಗ ಯಾರೋ ತಂಗಿಯ ಹುಟ್ಟುಹಬ್ಬಕ್ಕೆ ಹಾಡು ಕೇಳುತ್ತಿದ್ದರು. ಅಷ್ಟಕ್ಕೂ ಫುಟ್ಬಾಲೇ ಆಗಬೇಕೆಂದು ಯಾರು ಹೇಳಿದರು? ಕುಸ್ತಿ ಇದೆ, ಕಬಡ್ಡಿ ಇದೆ, ಖೋ ಖೋ ಇದೆ.

ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ, ಅದಕ್ಕೇ ಹಾಡು ಎಂಬ ಸಮಜಾಯಿಷಿಯೂ ಕೇಳಿಬರುತ್ತದೆ. ಆದರೆ 2011ರ ಎಫ್‌ಎಂ ನೀತಿ ಕ್ರೀಡಾ ಮಾಹಿತಿಯನ್ನು ಸುದ್ದಿಯೆಂದು ಎಣಿಸುವುದೇ ಇಲ್ಲ. ಸ್ಥಳೀಯ ಪಂದ್ಯಗಳ ನೇರ ವೀಕ್ಷಕ ವಿವರಣೆಗೂ ಅದರಲ್ಲಿ ದಾರಿಯಿದೆ. ಅಡ್ಡ ಬಂದದ್ದು ಕಾನೂನಲ್ಲ, ಉದಾಸೀನ. ಫೇಸ್‌ಬುಕ್ಕಿನಲ್ಲಿ ಜನ ಬೇಕಾದಷ್ಟು ವಾದಿಸುತ್ತಾರಲ್ಲ ಎಂದರೆ, ಅಲ್ಲಿ ಬೈದು ಓಡಿಹೋಗಬಹುದು. ಫೋನಿನಲ್ಲಿ ನಿರೂಪಕನ ಮರುಪ್ರಶ್ನೆಗೆ ನಿಂತು ಉತ್ತರಿಸಬೇಕು, ಊರೆಲ್ಲ ನಿಮ್ಮ ದನಿಯನ್ನು ಗುರುತಿಸುತ್ತದೆ.

ನನ್ನ ಸಂಕಟ ಆಟಕ್ಕಿಂತ ಹೆಚ್ಚಾಗಿ ಭಾಷೆಯದು. ಟೀವಿ, ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತು ಬರುವುದು ಬಹುಪಾಲು ನಗಿಸಲಿಕ್ಕೆ. ಸೆಮಿನಾರುಗಳಲ್ಲಿ ನಾವು ಸಂಶೋಧಕರು ಅದನ್ನು ‘ಪ್ರಾದೇಶಿಕ ಪ್ರಭೇದ’ ಎಂದು ಕರೆದು ಪ್ರಬಂಧ ಓದುತ್ತೇವೆ, ಓದುವುದು ಮಾತ್ರ ಗ್ರಂಥದ ಕನ್ನಡದಲ್ಲಿ. (ಈ ಲೇಖನವೂ ಅದರಲ್ಲೇ ಇದೆ, ಗೊತ್ತು.) ಸಿಟ್ಟು, ತರ್ಕ, ಪುರಾವೆ, ಕುಹಕ ಎಲ್ಲ ಒಟ್ಟಿಗೆ ಹರಿಯುವ ಆ ಮಾತು ತನ್ನ ಪೂರ್ತಿ ಕಸುವಿನಲ್ಲಿ ಬಾನುಲಿಗೆ ಬರಬೇಕಾದರೆ ಮಾತಾಡುವವನಿಗೆ ತನ್ನ ವಿಷಯದ ಮೇಲೆ ಹಿಡಿತವಿರಬೇಕು. ಔಷಧ ಕೇಳುವವನು ಸಹಜವಾಗಿ ತಗ್ಗಿ ಮಾತಾಡುತ್ತಾನೆ. ಕುಸ್ತಿ ನೋಡಿ ಬಂದವನಿಗೆ ತಗ್ಗುವ ದರ್ದಿಲ್ಲ. ವಾರಕ್ಕೊಂದು ಗಂಟೆ, ಕಬ್ಬಿನ ರೋಗವನ್ನೂ ಕುಸ್ತಿಯನ್ನೂ ಬಲ್ಲ ಒಬ್ಬ ನಿರೂಪಕ, ಎರಡು ಲೈನು. ಇದಕ್ಕಿಂತ ಅಗ್ಗದ ಕಾರ್ಯಕ್ರಮ ಯಾವುದಿದೆ?

ಮೊನ್ನೆ ಊರಿಗೆ ಹೋದಾಗ ಕಾಕಾಗೆ 606ರ ಕತೆ ಹೇಳಿದೆ. ಚಹಾ ಬಸಿಯಲ್ಲಿ ಸುರುವಿಕೊಂಡು ಆರಿಸುತ್ತ ಕೇಳಿದರು. ‘ಅಷ್ಟೆಲ್ಲಾ ಬೈದರೂ ಅವ್ರು ಫೋನ್ ಇಡಂಗಿಲ್ಲೇನು?’

‘ಇಡಂಗಿಲ್ಲ ಕಾಕಾ, ತಿರುಗಿ ಪ್ರಶ್ನೆ ಹಾಕ್ತಾರ.’

‘ಹಂಗಾರ ನಂಬರ್ ಕೊಡ. ಆ ಪಂಚಂದು ಒಂದೀಟ ಮಾತಾಡೂದೈತಿ.’