ಅಮೆರಿಕದ ಬಾಣಂತನ: ಅಮ್ಮನ ತೂಕ ಯಾರ ಲೆಕ್ಕಕ್ಕೆ?

2025ರ ನವೆಂಬರ್‌ನಲ್ಲಿ ಒಂದು ಸುದ್ದಿ ಬಂದಿದ್ದೇ ತಡ, ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಅದೇ ಮಾತು. ‘ಸಕ್ಕರೆ ಕಾಯಿಲೆ ಇದ್ದರೆ ಇನ್ನು ವೀಸಾ ಕೊಡೋದಿಲ್ವಂತೆ, ದಪ್ಪ ಇದ್ದವರಿಗೂ ಇಲ್ವಂತೆ, ನಿಜವೇ?’ ಮಗಳಿಗೆ ಏಳು ತಿಂಗಳು, ಸೀಮಂತ ಮುಗಿದಿದೆ, ಟಿಕೆಟ್ ಬುಕ್ ಆಗಿದೆ. ಗಾಬರಿ ಆಗದೆ ಇರುತ್ತದೆಯೇ?

ವಿಷಯ ಇಷ್ಟು. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಯಭಾರ ಕಚೇರಿಗಳಿಗೆ ಒಂದು ಸೂಚನೆ ಕಳಿಸಿ, ವೀಸಾ ಕೇಳುವವರ ಆರೋಗ್ಯವನ್ನೂ ಗಮನಿಸಿ ಎಂದಿತ್ತು. ಹೃದ್ರೋಗ, ಮಧುಮೇಹ, ಕ್ಯಾನ್ಸರ್‌ಗಳ ಜತೆಗೆ ಬೊಜ್ಜಿನ ಹೆಸರೂ ಅದರಲ್ಲಿತ್ತು. ಚಿಕಿತ್ಸೆಯ ಖರ್ಚನ್ನು ಅವರೇ ಭರಿಸಬಲ್ಲರೇ, ಇಲ್ಲಾ ಸರ್ಕಾರದ ಮೇಲೆ ಹೊರೆ ಬೀಳುತ್ತದೆಯೇ ಎಂಬುದು ಅವರ ಚಿಂತೆ. ಅಲ್ಲೇ ಕಾಯಂ ಆಗಿ ನೆಲೆಸಲು ಹೋಗುವವರಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ ಎಂದು ವಲಸೆ ಕಾನೂನು ಬಲ್ಲವರು ಆಗಲೇ ಹೇಳಿದರು. ಆದ್ದರಿಂದ ಬಾಣಂತನಕ್ಕೆಂದು ಆರು ತಿಂಗಳು ಹೋಗಿಬರುವ ಅಮ್ಮಂದಿರು ಹೆದರಿ ಟಿಕೆಟ್ ರದ್ದು ಮಾಡಬೇಕಾದ್ದೇನೂ ಇಲ್ಲ. ಮಗನೋ ಮಗಳೋ ಅಲ್ಲಿನ ಪೌರತ್ವ ಪಡೆದು ನಿಮಗೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದರೆ ಆ ಮಾತು ಬೇರೆ. ಅಂಥವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಆದರೆ ಈ ಗಲಾಟೆಯಲ್ಲಿ ಒಂದು ಒಳ್ಳೆಯದಾಯಿತು. ಹೋಗುವ ಮೊದಲು ಎಲ್ಲರೂ ತೂಕ ನೋಡಿಕೊಂಡರು! ಬಂದ ಮೇಲೆ ನೋಡಿಕೊಂಡವರು ಎಷ್ಟು ಮಂದಿಯೋ. ಆರು ತಿಂಗಳು ಮಗಳ ಮನೆಯಲ್ಲಿದ್ದು ನಾಲ್ಕೈದು ಕೆ.ಜಿ. ಏರಿಸಿಕೊಂಡು, ಮಂಡಿ ನೋವು ಅಂಟಿಸಿಕೊಂಡು, ಮಾತ್ರೆಯ ಡೋಸ್ ಹೆಚ್ಚಿಸಿಕೊಂಡು ಬರುವ ಅಮ್ಮಂದಿರನ್ನು ನಾವೆಲ್ಲ ಕಂಡಿದ್ದೇವೆ. ‘ಅಮೆರಿಕದ ನೀರು ಹಿಡಿಸಿದೆ ಕಣ್ರೀ’ ಅಂತ ಅಕ್ಕಪಕ್ಕದವರು ನಗುತ್ತಾರೆ. ನೀರಿನ ತಪ್ಪೇನೂ ಇಲ್ಲ.

ಹೆರಿಗೆ ರಜೆಗೂ ಅಮ್ಮನ ಸೊಂಟಕ್ಕೂ...

ಇದನ್ನು ಬರೀ ತಿಂಡಿಪೋತತನ ಅಂದುಕೊಂಡರೆ ತಪ್ಪಾಗುತ್ತದೆ. ಅಮ್ಮ ಅಲ್ಲಿಗೆ ಹೋಗುವುದೇಕೆ, ನೋಡಿ. ನಮ್ಮಲ್ಲಿ 2017ರ ತಿದ್ದುಪಡಿಯ ನಂತರ ಸಂಘಟಿತ ವಲಯದ ಉದ್ಯೋಗಸ್ಥೆಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ ಇದೆ. ಅಮೆರಿಕದಲ್ಲಿ 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ. ಕೆಲವು ರಾಜ್ಯಗಳು, ಕೆಲವು ದೊಡ್ಡ ಕಂಪನಿಗಳು ತಾವಾಗಿ ಹೆಚ್ಚು ಕೊಡುತ್ತವೆ, ನಿಜ. ಆದರೂ ಮೂರು ತಿಂಗಳ ಕೂಸನ್ನು ಯಾರ ಕೈಗೆ ಕೊಡುವುದು? ಡೇ ಕೇರ್ ಫೀಸು ಕೇಳಿದರೆ ತಲೆ ತಿರುಗುತ್ತದೆ. ಆಗ ನೆನಪಾಗುವುದು ಅಮ್ಮ. ಆರು ತಿಂಗಳು ಈ ಕಡೆ ಅಮ್ಮ, ಇನ್ನಾರು ತಿಂಗಳು ಬೀಗಿತ್ತಿ. ರಿಲೇ ಓಟ ಇದ್ದ ಹಾಗೆ! ಒಂದು ದೇಶ ಕೊಡದ ರಜೆಯನ್ನು ಇನ್ನೊಂದು ದೇಶದ ಅರವತ್ತರ ಹೆಂಗಸು ತನ್ನ ಮೈಯಲ್ಲಿ ತುಂಬಿಕೊಡುತ್ತಾಳೆ. ಸಂಬಳವಿಲ್ಲ, ವಾರದ ರಜೆಯಿಲ್ಲ, ಅವಳ ವಾಕಿಂಗ್‌ಗೆ ಹೊತ್ತೂ ಇಲ್ಲ. ಮಗು ರಾತ್ರಿ ಎದ್ದರೆ ಅಜ್ಜಿಯೂ ಎದ್ದಳು. ನಿದ್ದೆಗೆಟ್ಟವರಿಗೆ ಹಸಿವು ಜಾಸ್ತಿ, ಅದರಲ್ಲೂ ಸಿಹಿ, ಕುರುಕಲು ಬೇಕೆನ್ನಿಸುವುದು ಜಾಸ್ತಿ ಅಂತ ವೈದ್ಯರು ಹೇಳುತ್ತಲೇ ಇದ್ದಾರೆ.

ಇಲ್ಲಿಂದ ಹೊರಡುವಾಗಲೇ ನಮ್ಮ ಹೆಂಗಸರ ಸ್ಥಿತಿ ಹಗುರವಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಪ್ರತಿ 100 ಮಹಿಳೆಯರಲ್ಲಿ 24 ಮಂದಿಗೆ ತೂಕ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ಸೊಂಟದ ಸುತ್ತಳತೆಯನ್ನೂ ಅಳೆದಾಗ ಹೊಟ್ಟೆಯ ಬೊಜ್ಜು ಮಹಿಳೆಯರಲ್ಲಿ ಶೇ 40, ಪುರುಷರಲ್ಲಿ ಶೇ 12 ಎಂದು ತಿಳಿಯಿತು. ಭಾರತೀಯ ಮಹಿಳೆಯ ಸೊಂಟ 80 ಸೆಂ.ಮೀ. ದಾಟಬಾರದು ಎನ್ನುತ್ತಾರೆ ತಜ್ಞರು. ತೂಕದ ಯಂತ್ರ ಇಲ್ಲದಿದ್ದರೂ ಟೈಲರ್ ಟೇಪು ಒಂದು ಸೂಟ್‌ಕೇಸಿನಲ್ಲಿರಲಿ.

ಅಂಟಿನುಂಡೆ ಯಾರಿಗೆ?

ಬಾಣಂತಿಗೆಂದು ಅಂಟಿನುಂಡೆ ಕಟ್ಟುತ್ತೀರಿ. ಕೊಬ್ಬರಿ, ಬೆಲ್ಲ, ಉತ್ತುತ್ತೆ, ಬಾದಾಮಿ, ಕೈತುಂಬ ತುಪ್ಪ. ಮಗಳು ಒಂದು ತಿಂದು ‘ಸಾಕಮ್ಮ, ನಾನು ದಪ್ಪಗಾಗ್ತೀನಿ’ ಅನ್ನುತ್ತಾಳೆ. ಅಳಿಯ ಒಂದು ಬಾಯಿಗೆ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. ಡಬ್ಬಿಯಲ್ಲಿ ಉಳಿದದ್ದನ್ನು ಏನು ಮಾಡುವುದು? ‘ಬಾದಾಮಿಗೆ ಡಾಲರ್ ಕೊಟ್ಟಿದೀವಿ, ಎಸೆಯೋಕಾಗುತ್ತಾ?’ ಅಂತ ಮಧ್ಯಾಹ್ನದ ಕಾಫಿ ಜತೆ ಅದು ಅಮ್ಮನ ಹೊಟ್ಟೆ ಸೇರುತ್ತದೆ. ದೊಡ್ಡ ಮೊಮ್ಮಗು ಬಿಟ್ಟ ಪಾಸ್ತಾ, ಅರ್ಧ ಕಚ್ಚಿದ ಮಫಿನ್, ಮಗಳು ಮುಟ್ಟದ ತುಪ್ಪದನ್ನ, ಎಲ್ಲವೂ ಅದೇ ದಾರಿ. ಅಮ್ಮನ ಊಟ ಇದಲ್ಲ, ಇದು ಊಟದ ಮೇಲಿನದ್ದು. ಡಯಟ್ ಪಟ್ಟಿ ಬರೆದುಕೊಡುವವರು ಯಾರೂ ಈ ‘ಮಿಕ್ಕಿದ್ದು’ ಅನ್ನುವ ಸಾಲನ್ನು ಬರೆಯುವುದಿಲ್ಲ, ನಮ್ಮ ಮನೆಗಳಲ್ಲಿ ತೂಕ ಏರುವುದು ಬಹುಪಾಲು ಆ ಸಾಲಿನಿಂದಲೇ ಅಂತ ನನ್ನ ಗುಮಾನಿ.

ಲೆಕ್ಕ ಹಾಕಿ ನೋಡಿ. ಒಂದು ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ. ದಿನಕ್ಕೆ ಬರೀ 100 ಕ್ಯಾಲೊರಿ ಹೆಚ್ಚಾದರೆ 180 ದಿನಕ್ಕೆ 18,000. ಒಂದು ಕೆ.ಜಿ. ಕೊಬ್ಬಿಗೆ ಹೆಚ್ಚೂಕಡಿಮೆ 7,700 ಎಂಬುದು ರೂಢಿಯ ಲೆಕ್ಕ. ಅಂದರೆ ಎರಡು ಕೆ.ಜಿ.ಗೂ ಮೇಲಾಯಿತು. ದೇಹ ಕ್ಯಾಲ್ಕುಲೇಟರ್ ಅಲ್ಲ, ಎಲ್ಲರಿಗೂ ಇದೇ ಅಂಕಿ ಬರೋದಿಲ್ಲ. ಆದರೆ ಅರ್ಧ ಉಂಡೆಯ ಮಹಿಮೆ ಗೊತ್ತಾಯಿತಲ್ಲ! ಉಂಡೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಬದಲು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ. ಹತ್ತು ದಿನಕ್ಕಾಗುವಷ್ಟೇ ಮಾಡಿ. ಮಿಕ್ಕಿದ್ದನ್ನು ಫ್ರಿಜ್ಜಿಗಿಟ್ಟು ಮರುದಿನ ಮಗಳಿಗೇ ಕೊಡಿ. ಮೊಮ್ಮಗುವಿಗೆ ಮೊದಲೇ ಸ್ವಲ್ಪ ಬಡಿಸಿ, ಕೇಳಿದರೆ ಇನ್ನಷ್ಟು ಹಾಕಿದರಾಯಿತು.

ಇನ್ನು ಕಾಫಿ. ನಮ್ಮ ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಕೊಬ್ಬು ಶೇ 3. ಅಲ್ಲಿನ ‘ಹೋಲ್ ಮಿಲ್ಕ್’ ಶೇ 3.25, ಹತ್ತಿರ ಹತ್ತಿರ ಅದೇ. ಆದರೆ ಅಲ್ಲಿ ಕಾಫಿಗೆಂದೇ ‘ಹಾಫ್ ಅಂಡ್ ಹಾಫ್’ ಎಂಬುದೊಂದು ಸಿಗುತ್ತದೆ, ಹಾಲೂ ಕೆನೆಯೂ ಸೇರಿದ್ದು. ಅದರಲ್ಲಿ ಕೊಬ್ಬು ಶೇ 10ಕ್ಕಿಂತ ಹೆಚ್ಚು. ‘ಆಹಾ, ಕಾಫಿ ಎಷ್ಟು ಗಟ್ಟಿಯಾಗಿದೆ’ ಅಂತ ದಿನಕ್ಕೆ ಮೂರು ಸಲ ಕುಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕೇ? ಮೇಲಾಗಿ ಅಲ್ಲಿನ ಮಗ್ಗು ನಮ್ಮ ಲೋಟದ ಎರಡು ಪಟ್ಟು. ಊರಿನಿಂದ ನಿಮ್ಮದೇ ಸ್ಟೀಲ್ ಲೋಟ, ನೀವು ದಿನಾ ಉಣ್ಣುವ ತಟ್ಟೆ ತೆಗೆದುಕೊಂಡು ಹೋಗಿ. ಮಗಳು ನಗಲಿ ಬಿಡಿ. ಅಳತೆ ಕೈಗೆ ಗೊತ್ತಿರುವುದು ನಮ್ಮ ಪಾತ್ರೆಯಲ್ಲಿ.

ಡಬ್ಬಿ, ಪ್ಯಾಕೆಟ್ಟಿನ ಹಿಂದೆ ಅಂಕಿ ಬರೆದಿರುತ್ತದಲ್ಲ, ಅದನ್ನು ಓದಿಸಿಕೊಳ್ಳುವುದನ್ನು ಕಲಿಯಿರಿ. ಬೆರೆಸಿದ ಸಕ್ಕರೆ ಎಷ್ಟು ಎಂದು ಬೇರೆ ಸಾಲಿನಲ್ಲಿ ಬರೆಯುವುದನ್ನು ಅಮೆರಿಕ 2016ರ ನಿಯಮದಲ್ಲಿ ತಂದಿತು, ದೊಡ್ಡ ಕಂಪನಿಗಳಿಗೆ ಅದು 2020ರಿಂದ ಕಡ್ಡಾಯ. ಅದರ ಪಕ್ಕದ ಶೇಕಡಾವಾರು 5 ಅಥವಾ ಕಡಿಮೆ ಇದ್ದರೆ ಕಡಿಮೆ, 20 ಅಥವಾ ಮೇಲಿದ್ದರೆ ಹೆಚ್ಚು ಅಂತ ತಿಳಿದರೆ ಸಾಕು. ಹಣ್ಣಿನ ಮೊಸರು ಅಂತ ಬರುವ ಪುಟ್ಟ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕೋಣ ಅನ್ನಿಸುತ್ತದೆ.

ಉಪವಾಸ ಮಾಡಿದರೆ ಇಳಿಯುತ್ತದೆಯೇ?

ತೂಕ ಏರಿದ್ದು ತಿಳಿದ ಕೂಡಲೇ ಕೆಲವರು ರಾತ್ರಿ ಊಟ ಬಿಡುತ್ತಾರೆ. ಶನಿವಾರದ ಒಪ್ಪತ್ತಿನ ಜತೆ ಸೋಮವಾರವನ್ನೂ ಸೇರಿಸಿಕೊಳ್ಳುತ್ತಾರೆ. ಒಪ್ಪತ್ತಿನ ಫಲಾಹಾರ ಅಂದರೆ ಎಣ್ಣೆ ಸುರಿದ ಅವಲಕ್ಕಿ ಒಗ್ಗರಣೆ, ಮೇಲೊಂದು ಬಾಳೆಹಣ್ಣು, ಒಂದು ಲೋಟ ಹಾಲು! ಅದು ಹೋಗಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಹೀಗೆ ಊಟ ಬಿಟ್ಟರೆ ಸಕ್ಕರೆ ದಿಢೀರ್ ಇಳಿದು ತಲೆ ಸುತ್ತಿ ಬೀಳಬಹುದು, ಕೈಯಲ್ಲಿ ಕೂಸಿರುವಾಗ. ಅಲ್ಲಿ ಒಮ್ಮೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೆ ಬಿಲ್ ಎಷ್ಟಾಗುತ್ತದೆ ಅಂತ ಮಕ್ಕಳನ್ನೇ ಕೇಳಿ. ಪ್ರವಾಸಿಗರ ವಿಮೆಗಳಲ್ಲಿ ಬಹುಪಾಲು ಮೊದಲೇ ಇರುವ ಕಾಯಿಲೆಗೆ ದುಡ್ಡು ಕೊಡುವುದಿಲ್ಲ, ಕೊಟ್ಟರೂ ಅದು ದಿಢೀರನೆ ಉಲ್ಬಣಿಸಿದಾಗ ಮಾತ್ರ. ಪಾಲಿಸಿ ಕೊಳ್ಳುವ ಮೊದಲು ಈ ಒಂದು ಸಾಲನ್ನು ಓದಿಸಿ ತಿಳಿದುಕೊಳ್ಳಿ.

ಅರವತ್ತು ದಾಟಿದವರು ಊಟ ಬಿಟ್ಟು ತೂಕ ಇಳಿಸಿದರೆ ಕೊಬ್ಬಿನ ಜತೆಗೆ ಸ್ನಾಯುವೂ ಕರಗುತ್ತದೆ. ಊರಿಗೆ ವಾಪಸ್ ಬಂದು ಎರಡು ಮಹಡಿ ಹತ್ತಲಾರದೆ ಕೂತರೆ ಏನು ಬಂತು? ಅಲ್ಲಿರುವಷ್ಟು ದಿನ ತೂಕ ಏರದಂತೆ ನೋಡಿಕೊಂಡರೆ ಅದೇ ದೊಡ್ಡ ಗೆಲುವು, ಇಳಿಸುವ ಹಟ ಬೇಡ. ರಾಗಿಹಿಟ್ಟು ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ತೊಗರಿ, ಹೆಸರು, ಕಡಲೆ ಎಲ್ಲ ಸಿಗುತ್ತದೆ. ಅನ್ನ ಒಂದು ಸೌಟು ಕಡಿಮೆ ಮಾಡಿ, ಹುಳಿಯಲ್ಲಿ ಬೇಳೆ ಹೋಳು ಹೆಚ್ಚು ಮಾಡಿ. ಕೋಸಂಬರಿ ಹಬ್ಬಕ್ಕೆ ಮಾತ್ರ ಅಂತ ಯಾರು ಹೇಳಿದ್ದು? ಸಕ್ಕರೆ ಕಾಯಿಲೆಗೆ ಪಥ್ಯ ಬೇಕಾದವರು, ಕಿಡ್ನಿ ತೊಂದರೆ ಇರುವವರು ಮಾತ್ರ ಬೇಳೆಯ ಅಳತೆಯನ್ನು ಹೊರಡುವ ಮುಂಚೆ ವೈದ್ಯರಿಂದಲೇ ಬರೆಸಿಕೊಳ್ಳಿ.

ಈಗ ತೂಕ ಇಳಿಸುವ ಇಂಜೆಕ್ಷನ್ನುಗಳ ಕಾಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೊವಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ‘ಹೋಗೋ ಮುಂಚೆ ಶುರು ಮಾಡಿಬಿಡ್ಲಾ?’ ಅನ್ನುವವರಿದ್ದಾರೆ. ಇವು ವೈದ್ಯರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳುವ ಔಷಧಿ. ಶುರುವಿನ ವಾರಗಳಲ್ಲಿ ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ, ಡೋಸ್ ಏರಿಸಿದಾಗ ಮತ್ತೆ ಕಾಣಿಸಿಕೊಳ್ಳಬಹುದು. ಇಪ್ಪತ್ತು ಗಂಟೆಗೂ ಮೀರಿದ ಪ್ರಯಾಣದ ಹೊಸ್ತಿಲಲ್ಲಿ ಹೊಸದಾಗಿ ಹಿಡಿಯುವಂಥದ್ದಲ್ಲ, ಅಂತ ನನ್ನ ಅಭಿಪ್ರಾಯ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಆ ಪೆನ್ನನ್ನೂ ಇನ್ಸುಲಿನ್ನನ್ನೂ ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ, ಅಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಕೈಚೀಲದಲ್ಲಿರಲಿ, ವೈದ್ಯರ ಚೀಟಿಯೂ ಜತೆಗಿರಲಿ. ಮಾತ್ರೆಗಳು ಅದದರ ಮೂಲ ಪಟ್ಟಿಯಲ್ಲೇ ಇರಲಿ. ಸಾಮಾನ್ಯವಾಗಿ 90 ದಿನಕ್ಕಾಗುವಷ್ಟು ಎಂಬುದು ಅಮೆರಿಕದ ಎಫ್‌ಡಿಎ ಹೇಳುವ ಪ್ರಮಾಣ, ಉಳಿದ ಮೂರು ತಿಂಗಳ ಮಾತ್ರೆಯ ದಾರಿಯನ್ನು ಮಗಳ ಜತೆ ಮೊದಲೇ ಮಾತಾಡಿಟ್ಟುಕೊಳ್ಳಿ.

ನಡೆಯೋದೆಲ್ಲಿ?

ಇಲ್ಲಿ ಹಾಲಿಗೆ, ಹೂವಿಗೆ, ಗುಡಿಗೆ ಅಂತ ಲೆಕ್ಕವಿಲ್ಲದೆ ನಡೆಯುತ್ತಿದ್ದವರು ಅಲ್ಲಿ ಕಾರಿಲ್ಲದೆ ಗೇಟು ದಾಟೋದಿಲ್ಲ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲು, ಹೊರಗೆ ಹಿಮ ಜಾರುತ್ತದೆ. ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಆ ಅರ್ಧ ಗಂಟೆಯನ್ನು ಮಗಳು, ಅಳಿಯ ಅಮ್ಮನಿಗೆ ಬಿಟ್ಟುಕೊಡಬೇಕು. ಅಳಿಯ ಸಂಜೆ ಮೀಟಿಂಗ್ ಮುಗಿಸಿ ಕೂಸನ್ನು ಎತ್ತಿಕೊಂಡರೆ ಅತ್ತೆ ಬೀದಿ ಸುತ್ತಿ ಬರುತ್ತಾರೆ. ಇದನ್ನು ಕೇಳಲು ನಾಚಿಕೆಯೇಕೆ? ಹೊರಡುವ ಮೊದಲು ಫೋನಿನಲ್ಲೇ ಹೇಳಿಟ್ಟುಬಿಡಿ. ಹಿಮ ಬಿದ್ದಾಗ ದೊಡ್ಡ ಮಾಲ್‌ಗಳೊಳಗೆ ನಡೆಯುವುದು ಅಲ್ಲಿನ ವಯಸ್ಸಾದವರ ರೂಢಿ, ವಾರಾಂತ್ಯದಲ್ಲಿ ನಿಮ್ಮನ್ನೂ ಬಿಟ್ಟುಬರಲಿ. ಮನೆಯಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು ಕಾಲಿನ ಬಲಕ್ಕೆ ಒಳ್ಳೆಯದು, ಮಂಡಿ ಒಪ್ಪಿದರೆ.

ವಿಮಾನದಲ್ಲೂ ಕೂತೇ ಇರಬೇಡಿ. ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿತ್ತು, ಬೊಜ್ಜಿರುವವರಿಗೆ ಇನ್ನೂ ಹೆಚ್ಚು. ಹಾಗಂತ ಅದು ಅಪರೂಪದ ತೊಂದರೆಯೇ, ಭಯ ಬೇಡ. ಆಗಾಗ ಎದ್ದು ಓಡಾಡಿ, ಪಾದ ಮೇಲೆ ಕೆಳಗೆ ಆಡಿಸಿ.

ಅಲ್ಲಿ ಇಡೀ ದಿನ ನೈಟಿ, ಎಲಾಸ್ಟಿಕ್ ಪ್ಯಾಂಟು, ಮೇಲೊಂದು ಸ್ವೆಟರ್. ಮೈ ಬಂದದ್ದು ಗೊತ್ತೇ ಆಗೋದಿಲ್ಲ. ಹದಿನೈದು ದಿನಕ್ಕೊಮ್ಮೆ ಕನ್ನಡ ಕೂಟಕ್ಕೋ ದೇವಸ್ಥಾನಕ್ಕೋ ಹೋಗುವ ನೆಪದಲ್ಲಿ ಊರಿಂದ ಹೊಲಿಸಿ ತಂದ ರವಿಕೆ ಹಾಕಿ ನೋಡಿ. ಹುಕ್ಕು ಸಲೀಸಾಗಿ ಬಿದ್ದರೆ ಸರಿ. ಬೀಳದಿದ್ದರೆ ಹೊಲಿಗೆ ಬಿಚ್ಚಿಸುವ ಮೊದಲು ಆ ವಾರದ ಕಾಫಿ, ಉಂಡೆ, ಮಿಕ್ಕಿದ್ದರ ಲೆಕ್ಕ ತೆಗೆಯಿರಿ. ವಾಪಸ್ ಬಂದ ಮೇಲೆ ತಡಮಾಡದೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಅದು ಹೇಳುತ್ತದೆ, ಅಂದರೆ ನೀವು ಅಮೆರಿಕದಲ್ಲಿದ್ದ ದಿನಗಳದ್ದನ್ನೇ. ಹೊರಡುವ ಮೊದಲಿನ ರಿಪೋರ್ಟನ್ನೂ ಜತೆಗೇ ಒಯ್ದು ಎರಡನ್ನೂ ವೈದ್ಯರ ಮುಂದಿಡಿ. ಬೀಗಿತ್ತಿಯ ಸರದಿ ಶುರುವಾಗಿದ್ದರೆ ಅವರಿಗೂ ಒಂದು ಫೋನು ಮಾಡಿ, ಹಾಫ್ ಅಂಡ್ ಹಾಫ್ ವಿಷಯ ಹೇಳಿಬಿಡಿ.