ಹುಡುಗರನ್ನು ಬಯ್ಯುವ ಮೊದಲು ರಜೆ ಕೊಡಿ

ಚುನಾವಣೆ ಹತ್ತಿರ ಬಂತೆಂದರೆ ಸಾಕು, ಊರಿನ ದೊಡ್ಡ ಮನುಷ್ಯರಿಗೆಲ್ಲ ಇದ್ದಕ್ಕಿದ್ದಂತೆ ಯುವಕರ ಮೇಲೆ ಸಿಟ್ಟು ಬರುತ್ತದೆ. ಈಗಿನ ಹುಡುಗರಿಗೆ ದೇಶದ ಚಿಂತೆಯಿಲ್ಲ, ಓಟಿನ ದಿನ ಹೊದ್ದು ಮಲಗುತ್ತಾರೆ, ಎದ್ದರೆ ಮೊಬೈಲು ಹಿಡಿದು ಕೂರುತ್ತಾರೆ ಎಂದು ವೇದಿಕೆ ಏರಿದವರೆಲ್ಲ ಉಪದೇಶ ಮಾಡುತ್ತಾರೆ. ಹಾಗೆ ಉಪದೇಶ ಮಾಡುವ ಸಾಹುಕಾರರನ್ನು ಒಂದೇ ಒಂದು ಮಾತು ಕೇಳಬೇಕೆಂದಿದ್ದೇನೆ. ಸ್ವಾಮಿ, ನಿಮ್ಮ ಗಿರಣಿಯಲ್ಲಿ, ನಿಮ್ಮ ಮಂಡಿಯಲ್ಲಿ ಮೂಟೆ ಹೊರುವ ಹುಡುಗನಿಗೆ ಕಳೆದ ಸಲ ಓಟಿನ ದಿನ ಕೂಲಿಸಮೇತ ರಜೆ ಕೊಟ್ಟಿರಾ?

ಇದು ನಾನು ಬೇಡುತ್ತಿರುವ ದಾನವಲ್ಲ. 1951ರ ಪ್ರಜಾ ಪ್ರಾತಿನಿಧ್ಯ ಕಾಯಿದೆಗೆ 1996ರಲ್ಲಿ 135ಬಿ ಎಂಬ ಕಲಮನ್ನು ಸೇರಿಸಲಾಗಿದೆ. ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಮತದಾನ ನಡೆಯುವ ದಿನ, ವ್ಯಾಪಾರ, ಕೈಗಾರಿಕೆ ಯಾವುದೇ ಇರಲಿ, ಅಲ್ಲಿ ದುಡಿಯುವ ಪ್ರತಿಯೊಬ್ಬ ಮತದಾರನಿಗೂ ರಜೆ ಕೊಡಬೇಕು. ಆ ದಿನದ ಕೂಲಿಯಲ್ಲಿ ಒಂದು ಪೈಸೆಯನ್ನೂ ಮುರಿದುಕೊಳ್ಳಕೂಡದು. ದಿನಗೂಲಿಯವನಿಗೂ ಇದೇ ನಿಯಮ. ಅವನಿಲ್ಲದಿದ್ದರೆ ಅಪಾಯವೋ ಭಾರಿ ನಷ್ಟವೋ ಆಗುವಂಥ ಕೆಲಸಕ್ಕೆ ಮಾತ್ರ ವಿನಾಯಿತಿ. ತಪ್ಪಿದ ಮಾಲೀಕನಿಗೆ 500 ರೂಪಾಯಿಯವರೆಗೆ ದಂಡ. ದಂಡದ ಮೊತ್ತ ನೋಡಿದಿರಾ! ಒಬ್ಬ ಪ್ರಜೆಯ ಹಕ್ಕನ್ನು ಒಂದು ದಿನ ಅಂಗಡಿಯಲ್ಲಿ ಕೂಡಿಹಾಕಿದ್ದಕ್ಕೆ ನಮ್ಮ ಸರ್ಕಾರ ಕಟ್ಟಿದ ಬೆಲೆ ಅಷ್ಟು. ಕಾನೂನು ಮಾಡಿದವರಿಗೂ ಮಾಲೀಕರ ನೋವು ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

ಈ ಪತ್ರಿಕೆಯನ್ನು ಓದುವ ಸಣ್ಣ ವ್ಯಾಪಾರಿ ಬಂಧುಗಳು ಇಲ್ಲಿ ಮುಖ ತಿರುಗಿಸಬಾರದು. ದೊಡ್ಡ ಗಿರಣಿಯ ಧಣಿಯನ್ನು ಬಯ್ದರೆ ನಿಮಗೆ ಸಂತೋಷ. ಆದರೆ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಒಬ್ಬನೇ ಹುಡುಗನನ್ನಿಟ್ಟುಕೊಂಡ ನೀವೂ ಆ ಕಲಮಿನ ಪ್ರಕಾರ ಮಾಲೀಕರೇ. "ಬೇಗ ಹೋಗಿ ಹಾಕಿ ಬಂದುಬಿಡು" ಎನ್ನುವುದು ರಜೆಯಲ್ಲ. ಅವನ ಓಟು ಇರುವುದು ಇಪ್ಪತ್ತು ಮೂವತ್ತು ಮೈಲಿಯಾಚೆಯ ಹಳ್ಳಿಯಲ್ಲಿ. ಬಸ್ಸು ಹತ್ತಿ ಹೋಗಿ ಬರುವುದಕ್ಕೆ ದಿನವೇ ಬೇಕು. ದಿನ ಹೋದರೆ ಕೂಲಿ ಹೋಗುತ್ತದೆಂದು ಅವನು ಗಲ್ಲದ ಮುಂದೆಯೇ ನಿಂತಿರುತ್ತಾನೆ. ಸಂಜೆ ನೀವು ಬೆರಳಿನ ಶಾಯಿ ತೋರಿಸುತ್ತ, ಯುವಕರಿಗೆ ಜವಾಬ್ದಾರಿಯಿಲ್ಲವೆಂದು ಗಿರಾಕಿಯೊಡನೆ ಹೇಳುತ್ತಿರುತ್ತೀರಿ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರೆಂದು ನಾಡಿಗೆಲ್ಲ ಹೆಸರಾಗಿತ್ತು. ಆ ಗಿರಣಿಗಳಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. ಅಪ್ಪಂದಿರು ನೂಲು ತೆಗೆದ ಊರಿನಲ್ಲಿ ಮಕ್ಕಳು ಅಕ್ಕಿ ಗಿರಣಿಗೂ ಮಂಡಕ್ಕಿ ಭಟ್ಟಿಗೂ ಹೋದರು. ಅಂಥ ಒಂದು ಭಟ್ಟಿಯ ಮುಂದೆ ಹತ್ತೊಂಬತ್ತರ ಹುಡುಗನೊಬ್ಬ ನನ್ನನ್ನು ಕೇಳಿದ: "ಓಟು ಹಾಕಿದ್ರೆ ಈ ಬೆಂಕಿ ತಣ್ಣಗಾಗ್ತದೇನ್ರೀ ಮೇಷ್ಟ್ರೇ?" ಅವನ ಮೈಮೇಲೆ ಬೂದಿ, ಕಣ್ಣು ಕೆಂಪು. ನಾನು ತಡವರಿಸಿದೆ. ಪಕ್ಷದ ಕರಪತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ತಣ್ಣಗಾಗುವುದಿಲ್ಲವಪ್ಪ. ಸುಳ್ಳು ಹೇಳಲಾರೆ. ಆದರೆ ಆ ಬೆಂಕಿಯ ಮುಂದೆ ನಿಂತದ್ದಕ್ಕೆ ನಿನಗೆ ಸಿಗಬೇಕಾದ ಕನಿಷ್ಠ ಕೂಲಿ ಎಷ್ಟೆಂದು ಗೊತ್ತುಮಾಡುವುದು ರಾಜ್ಯ ಸರ್ಕಾರ. ಅದು ಕೈಗೆ ಬರುತ್ತಿದೆಯೇ ಇಲ್ಲವೇ ಎಂದು ನೋಡಬೇಕಾದ ಕಾರ್ಮಿಕ ಇಲಾಖೆಯ ನೌಕರ ಅದೇ ಸರ್ಕಾರದ ಆಳು. ನಿನ್ನ ಕೇರಿಯ ಚರಂಡಿ ಮಹಾನಗರ ಪಾಲಿಕೆಯದು. ವ್ಯಾಪಾರಿಗಳು ದಿನಬೆಳಗಾದರೆ ಶಪಿಸುವ ಜಿಎಸ್‌ಟಿಯ ದರವನ್ನು ಕೂತು ಮಾತಾಡುವವರು ಕೇಂದ್ರದ ಮತ್ತು ರಾಜ್ಯಗಳ ಮಂತ್ರಿಗಳು. ಇವರೆಲ್ಲ ಆಕಾಶದಿಂದ ಉದುರಿದವರಲ್ಲ. ನೀನು ಹೋಗದಿದ್ದರೂ ಚುನಾವಣೆ ನಿಲ್ಲುವುದಿಲ್ಲ. ಹೋದವರು ಆರಿಸಿದವನೇ ನಿನ್ನ ಕೂಲಿಯ ಕಾಗದಕ್ಕೂ ರುಜು ಹಾಕುತ್ತಾನೆ.

ಓಟೆಂಬುದು ಬಡವನಿಗೆ ಪುಕ್ಕಟೆ ಬಂದದ್ದೂ ಅಲ್ಲ. ಬ್ರಿಟಿಷರ 1935ರ ಕಾಯಿದೆಯಲ್ಲಿ ಆಸ್ತಿ, ಕಂದಾಯ, ವಿದ್ಯೆ ಇದ್ದವನಿಗಷ್ಟೇ ಓಟು. ನಮ್ಮ ಮೈಸೂರು ಸೀಮೆಯಲ್ಲಿ 1881ರಷ್ಟು ಹಿಂದೆಯೇ ಪ್ರಜಾಪ್ರತಿನಿಧಿ ಸಭೆ ಇತ್ತೆಂದು ಹೆಮ್ಮೆಪಡುತ್ತೇವೆ, ಸರಿ. ಆದರೆ ಅಲ್ಲಿಯೂ ಪ್ರತಿನಿಧಿಯನ್ನು ಆರಿಸುವ ಹಕ್ಕು ಬಂದಾಗ ಅದು ಉಳ್ಳವರ ಕೈಯಲ್ಲೇ ಇತ್ತು. ಉಳುವವನಿಗೂ ಹೊರುವವನಿಗೂ ಓಟು ಬಂದದ್ದು ಸಂವಿಧಾನದಿಂದ. ಬಂದ ಕೂಡಲೇ ಏನಾಯಿತು ನೋಡಿ. ಸಾಗರ ಸೀಮೆಯ ಕಾಗೋಡಿನ ಗೇಣಿದಾರರು 1951ರಲ್ಲಿ ಅಳತೆಯ ಕೊಳಗದ ಅನ್ಯಾಯಕ್ಕೆ ಎದುರು ನಿಂತು ಜೈಲು ಸೇರಿದರು. ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷ, 1952ರಲ್ಲಿ, ಮೂವತ್ತೂ ತುಂಬಿರದ ಶಾಂತವೇರಿ ಗೋಪಾಲಗೌಡರು ಅದೇ ಸೀಮೆಯಿಂದ ಚುನಾವಣೆಗೆ ನಿಂತರು. ಕೈಯಲ್ಲಿ ಕಾಸಿರಲಿಲ್ಲ. ಒಂದು ಓಟು, ಒಂದು ನೋಟು ಎಂದು ಜನರ ಹತ್ತಿರವೇ ಬೇಡಿದರು, ಗೆದ್ದರು. ಓಟಿಗೆ ನೋಟು ಹಂಚುವ ಈ ಕಾಲದಲ್ಲಿ ಹುಡುಗರಿಗೆ ಇದನ್ನು ಹೇಳಿದರೆ ಕಟ್ಟುಕಥೆ ಎನ್ನುತ್ತಾರೆ.

ಆಗ 21 ತುಂಬದವನಿಗೆ ಓಟಿರಲಿಲ್ಲ. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು. ಮೂರು ವರ್ಷ ಮುಂಚಿತವಾಗಿ ಕೈಗೆ ಬಂದ ಆ ಹಕ್ಕನ್ನು ನಾವು ಮಕ್ಕಳಿಗೆ ಮುಟ್ಟಿಸಿದೆವೇ? 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಹೊಸದಾಗಿ ಪಟ್ಟಿ ಸೇರಿದವರು ಸುಮಾರು 1.82 ಕೋಟಿ ಎಂದು ಚುನಾವಣಾ ಆಯೋಗವೇ ಹೇಳಿತು. ಕೇಳುವುದಕ್ಕೆ ದೊಡ್ಡ ಸಂಖ್ಯೆ. ಆದರೆ 18-19ರ ವಯಸ್ಸಿನವರ ಜನಸಂಖ್ಯೆಯ ಅಂದಾಜಿಗೆ ಹೋಲಿಸಿದರೆ ನೂರಕ್ಕೆ ನಲವತ್ತೂ ಆಗಲಿಲ್ಲ. ಅಂದರೆ ಮಲಗಿದ್ದವರ ಮಾತು ಆಮೇಲಿನದು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಹೆಸರೇ ಪಟ್ಟಿಯಲ್ಲಿರಲಿಲ್ಲ. ನಾನು ಶಾಲೆಯಲ್ಲಿದ್ದಾಗ ಹಾಜರಿ ಕೂಗುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗ ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದರೆ, ಅವನನ್ನು ಗೈರುಹಾಜರಿ ಎಂದು ಬಯ್ಯುವ ಮೇಷ್ಟ್ರು ಎಂಥ ಮೂರ್ಖ!

ಹೆಣ್ಣುಮಕ್ಕಳದು ಇನ್ನೊಂದು ಕಥೆ. ಮೊದಲನೆಯ ಮಹಾಚುನಾವಣೆಯ ಪಟ್ಟಿ ಮಾಡುವಾಗ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಈಗ ಹೆಸರು ಹೇಳುತ್ತಾರೆ. ಆದರೆ ಇಪ್ಪತ್ತಕ್ಕೆ ಮದುವೆಯಾದ ಹುಡುಗಿಯ ಹೆಸರು ತವರೂರಿನಲ್ಲಿ ಉಳಿಯುತ್ತದೆ, ಗಂಡನ ಮನೆಯವರು ಇಲ್ಲಿ ಬರೆಸುವ ಗೋಜಿಗೆ ಹೋಗುವುದಿಲ್ಲ. ರೇಷನ್ ಕಾರ್ಡಿಗೆ ಮಾತ್ರ ಮರುದಿನವೇ ಓಡುತ್ತಾರೆ.

ಒಮ್ಮೆ ಬರೆಸಿದರೆ ಆಯಿತೆಂದು ನೆಮ್ಮದಿಯಾಗಿರುವಂತೆಯೂ ಇಲ್ಲ. ಬಿಹಾರದಲ್ಲಿ 2025ರಲ್ಲಿ ಪಟ್ಟಿಯನ್ನು ಪರಿಷ್ಕರಿಸಿ ಆಗಸ್ಟ್ 1ರಂದು ಕರಡು ಹೊರಡಿಸಿದಾಗ ಸುಮಾರು 65 ಲಕ್ಷ ಹೆಸರು ಬಿಟ್ಟುಹೋಗಿದ್ದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಎಂದು ಆಯೋಗ ಹೇಳಿತು. ಹಾಗೆ ಸತ್ತವರೆಂದು ಕೈಬಿಟ್ಟವರಲ್ಲಿ ಇಬ್ಬರನ್ನು ಜೀವಸಹಿತ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಊರೂರು ಅಲೆದು ದುಡಿಯುವವನ ಹೆಸರೇ ಮೊದಲು ಉದುರುವುದು. ಅರಮನೆಯಂಥ ಮನೆ ಇದ್ದವನದಲ್ಲ.

ಇನ್ನು, "ಒಂದು ಓಟಿನಿಂದ ಏನಾಗುತ್ತದೆ" ಎಂಬ ಜಾಣರಿಗೆ ನಮ್ಮ ನಾಡಿನದೇ ಉತ್ತರವಿದೆ. 2004ರ ವಿಧಾನಸಭಾ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ. ಗೆದ್ದವರಿಗೆ 40,752, ಸೋತವರಿಗೆ 40,751. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಆ ದಿನ ಓಟು ಹಾಕಲು ಬಿಡುವೇ ಸಿಕ್ಕಿರಲಿಲ್ಲವೆಂದು ಪತ್ರಿಕೆಗಳು ಬರೆದವು. ಗಿರಣಿ ಧಣಿಗಳು ಈ ಸುದ್ದಿಯನ್ನು ಕತ್ತರಿಸಿ ಗಲ್ಲದ ಮೇಲೆ ಅಂಟಿಸಿಕೊಳ್ಳಲಿ. 2023ರಲ್ಲಿ ಬೆಂಗಳೂರಿನ ಜಯನಗರ ಹದಿನಾರು ಓಟಿನಲ್ಲಿ ತೀರ್ಮಾನವಾಯಿತು. ಒಂದು ಅಕ್ಕಿ ಗಿರಣಿಯ ಒಂದು ಪಾಳಿಯಷ್ಟು ಜನ.

ಎಲ್ಲರೂ ಕಳ್ಳರು, ಯಾರಿಗೆ ಹಾಕಿದರೇನು ಎಂಬ ಮಾತನ್ನು ನಾನು ಹುಡುಗರ ಬಾಯಲ್ಲಿ ಕೇಳಿದ್ದಕ್ಕಿಂತ ಅವರ ಅಪ್ಪಂದಿರ ಬಾಯಲ್ಲಿ ಕೇಳಿದ್ದು ಹೆಚ್ಚು. ಹಾಗೆ ಹೇಳುತ್ತಲೇ ಹಿಂದಿನ ರಾತ್ರಿ ಬಂದ ನೋಟನ್ನು ಜೇಬಿಗಿಳಿಸುತ್ತಾರೆ. ವ್ಯಾಪಾರಿಗಳೇ ಲೆಕ್ಕ ಹಾಕಿ ನೋಡಿ: 500 ರೂಪಾಯಿಯನ್ನು ಐದು ವರ್ಷದ 1826 ದಿನಗಳಿಗೆ ಹಂಚಿದರೆ ದಿನಕ್ಕೆ 27 ಪೈಸೆ. ಆ ದರಕ್ಕೆ ನಿಮ್ಮ ಅಂಗಡಿಯಲ್ಲಿ ಒಂದು ಬೀಡಿಯೂ ಸಿಗದು. ಮನೆಯಲ್ಲಿ ಈ ವ್ಯಾಪಾರವನ್ನು ನೋಡುತ್ತ ಬೆಳೆದ ಮಗ ಓಟನ್ನು ಪವಿತ್ರವೆಂದು ಏತಕ್ಕೆ ನಂಬಬೇಕು?

ಮಲೆನಾಡಿನ ಹಿರಿಯರಿಗೆ 1974ರ ಭೂಸುಧಾರಣೆಯ ಏಳನೇ ನಮೂನೆ ನೆನಪಿರಬಹುದು. ಉಳುವವನೇ ಒಡೆಯನೆಂದು ಕಾನೂನಾದ ಮೇಲೂ, ಆ ಅರ್ಜಿ ಹಾಕಿದವನ ಪ್ರಕರಣ ಮಾತ್ರ ನ್ಯಾಯಮಂಡಳಿಯ ಮುಂದೆ ಬರುತ್ತಿತ್ತು. ಧಣಿಗೆ ಅಂಜಿ ಹಾಕದೆ ಉಳಿದವನ ಕೈಗೆ ಉತ್ತ ಭೂಮಿಯೂ ಬರಲಿಲ್ಲ. ಈ ಕಾಲದ ಹುಡುಗರದು ಆರನೇ ನಮೂನೆ. ಅದಕ್ಕೆ ಶುಲ್ಕವಿಲ್ಲ, ಸ್ವಂತ ಮನೆ ಬೇಕಿಲ್ಲ, ವಾಸವಿದ್ದರೆ ಸಾಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಖು, ಯಾವುದು ಮೊದಲು ಬಂದರೆ ಅದಕ್ಕೆ 18 ತುಂಬಿದರಾಯಿತು. 17 ಆದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಊರು ಬದಲಾಯಿಸಿದವರಿಗೆ, ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಎಂಟನೇ ನಮೂನೆ. ಆಧಾರ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಓಟಿರುವುದು ಪಟ್ಟಿಯಲ್ಲಿ ಹೆಸರಿದ್ದವನಿಗೆ. ನಾಮಪತ್ರ ಸಲ್ಲಿಸುವ ಕಡೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರುವುದಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರಿಂದ ಪಾಳಿ ಬದಲಾಗುವವರೆಗೆ ಪಕ್ಷದ ಕಚೇರಿಯಲ್ಲಿ ನಾವು ಅರ್ಜಿ ತುಂಬಿಕೊಡುತ್ತೇವೆ. ಒಂದು ಭಾವಚಿತ್ರ, ವಯಸ್ಸಿಗೊಂದು ದಾಖಲೆ, ವಿಳಾಸಕ್ಕೊಂದು ದಾಖಲೆ ತನ್ನಿ. ನಮಗೇ ಓಟು ಹಾಕಬೇಕೆಂಬ ಕರಾರಿಲ್ಲ. ಓಟಿನ ದಿನ ರಜೆ ಕೊಡದ ಮಾಲೀಕರ ಹೆಸರನ್ನೂ ಅಲ್ಲಿಯೇ ಬರೆಸಬಹುದು. ಅದಕ್ಕೆ ಬೇರೆಯೇ ಒಂದು ಪುಸ್ತಕ ಇಟ್ಟಿದ್ದೇವೆ.